ಮೈದಾನಕ್ಕೆ ಬಿದ್ದ ರಾಗಿ

ಶಿವನಿಯ ಫುಟ್‌ಬಾಲ್ ಸ್ಟೇಡಿಯಂ ಎಂದರೆ ಕೆಲವರು ನಗುತ್ತಾರೆ. ನಗಲಿ ಬಿಡಿ. ರೈಲ್ವೆ ಸ್ಟೇಷನ್ನಿನ ಹಿಂದೆ ಮೂರು ಎಕರೆ ಚಿಲ್ಲರೆ ಜಾಗ, ಸುತ್ತ ಆಳೆತ್ತರದ ಕಲ್ಲಿನ ಕಾಂಪೌಂಡು, ಪಡುವಲಿಗೆ ಐದು ಸಾಲು ಚಪ್ಪಡಿ ಮೆಟ್ಟಿಲು, ಅದರ ಮೇಲೊಂದು ತಗಡಿನ ಮಾಡು, ಸರಳು ಹಾಕಿದ ಒಂದೇ ಒಂದು ಗೇಟು. ಇಷ್ಟಕ್ಕೆಲ್ಲ ಸ್ಟೇಡಿಯಂ ಅಂತಾರಾ ಎಂದು ಮೂಗು ಮುರಿಯುವವರಿಗೆ ಊರಿನವರು ಹೇಳುವುದು ಒಂದೇ ಮಾತು: ಇದು ಸರ್ಕಾರದ್ದಲ್ಲ, ಪಂಚಾಯ್ತಿಯದೂ ಅಲ್ಲ, ಖಾತೆ ನಮ್ಮ ಗೆಳೆಯರ ಸಂಘದ ಹೆಸರಿನಲ್ಲಿದೆ. ಆ ಮೆಟ್ಟಿಲಿನ ಒಂದೊಂದು ಚಪ್ಪಡಿಯೂ ಒಂದೊಂದು ಮನೆಯವರು ಹೊತ್ತು ತಂದು ಹಾಕಿದ್ದು. ಕಡೂರಿನಲ್ಲಾಗಲಿ ತರೀಕೆರೆಯಲ್ಲಾಗಲಿ ಯಾವ ಸಂಘಕ್ಕೆ ಸ್ವಂತ ಮೈದಾನ ಇದೆ, ತೋರಿಸಿ ನೋಡೋಣ.

ಈ ಮೈದಾನವನ್ನು ಮೂವತ್ಮೂರು ವರ್ಷದಿಂದ ನೋಡಿಕೊಂಡು ಬಂದವನು ಅಂಜಿನಪ್ಪ. ಮನೆಯಲ್ಲಿ ಎರಡು ಎಕರೆ ಹೊಲ, ಹತ್ತು ತೆಂಗಿನಮರ, ಅದು ಹೊಟ್ಟೆಗೆ. ಮೈದಾನ ಮನಸ್ಸಿಗೆ. ಗೆರೆಗೆ ಸುಣ್ಣ ಹಾಕುವುದು, ಗೋಲಿನ ಬಲೆ ಹೊಲಿಯುವುದು, ಆಟಗಾರರನ್ನು ಬೈಯುವುದು, ಎಲ್ಲ ಅವನದೇ. ಗೇಟಿನ ಬೀಗದಕೈ ಅವನ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತದೆ. ಬರೀ ಬೀಗದಕೈ ಅಲ್ಲ. ಮೊಳದಗಲದ ಬೆತ್ತದ ಬಳೆ, ಅದಕ್ಕೊಂದು ಚರ್ಮದ ಚೀಲ, ಚೀಲದೊಳಗೆ ಬೀಗದಕೈ.

ಇದರ ಹಿಂದೆ ಒಂದು ಸಂಗತಿ ಇದೆ. ಸಂಘ ಕಟ್ಟಿದವರಲ್ಲಿ ಒಬ್ಬರು ಗಿಡ್ಡಪ್ಪ, ರೈಲ್ವೆಯಲ್ಲಿ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ಆಗಿದ್ದವರು, ಈಗ ಎಂಬತ್ತು ದಾಟಿದೆ. ಆಗೆಲ್ಲ ಒಂದೇ ಹಳಿ. ಸ್ಟೇಷನ್ನಿನಿಂದ ಇಂಥದೇ ಬೆತ್ತದ ಬಳೆ ಕೈಗೆ ಬರದೆ ಡ್ರೈವರು ಗಾಡಿ ಬಿಡುವಂತಿರಲಿಲ್ಲ. ಬಳೆ ಕೈಯಲ್ಲಿದ್ದರೆ ಮುಂದಿನ ಹಳಿ ಅವನದು, ಎದುರಿಗೆ ಇನ್ನೊಂದು ಗಾಡಿ ಬರುವುದಿಲ್ಲ. ಗಿಡ್ಡಪ್ಪ ಅದನ್ನೇ ಸಂಘಕ್ಕೂ ತಂದು ಕಟ್ಟಿದರು. ಪಂದ್ಯದ ದಿನ ಬೆಳಿಗ್ಗೆ ಮೈದಾನ ನೋಡಿಕೊಳ್ಳುವವನು ಗೇಟಿನ ಹೊರಗೆ ನಿಂತು ಬಳೆಯನ್ನು ರೆಫರಿಯ ಕೈಗೆ ಕೊಟ್ಟು, ಹಳಿ ಖಾಲಿ ಇದೆ ಅನ್ನುವ ರೈಲ್ವೆ ಮಾತಿನಲ್ಲೇ, "ಲೈನ್ ಕ್ಲಿಯರ್" ಅನ್ನಬೇಕು. ಅಲ್ಲಿಂದ ಮೈದಾನ ರೆಫರಿಯದು. ಅಧ್ಯಕ್ಷರಾದರೂ ಅವರನ್ನು ಕೇಳಿಯೇ ಒಳಗೆ ಕಾಲಿಡಬೇಕು. ಆಟ ಮುಗಿದ ಮೇಲೆ ರೆಫರಿ ಅದೇ ಮಾತು ಹೇಳಿ ಬಳೆ ಹಿಂದಕ್ಕೆ ಕೊಡಬೇಕು. ಇವತ್ತು ಸ್ಟೇಷನ್ನಿನಲ್ಲೇ ಆ ಬಳೆ ಇಲ್ಲ, ನಮ್ಮ ಗೇಟಿನಲ್ಲಿ ಇದೆ.

ಅಂಜಿನಪ್ಪ ಈ ಬೀಗದಕೈಯಿಂದ ಒಂದೇ ಒಂದು ಸಲ ಕೆಟ್ಟ ಕೆಲಸ ಮಾಡಿದ್ದ. ಹದಿನಾರು ವರ್ಷದ ಹಿಂದೆ.

ಮಗಳು ಭುವನಾಗೆ ಆಗ ಹದಿಮೂರು. ಸ್ಕೂಲು ಬಿಟ್ಟ ಕೂಡಲೆ ಚೀಲ ಮನೆಯೊಳಗೆ ಎಸೆದು ಮೈದಾನಕ್ಕೆ ಓಡಿಬರುತ್ತಿದ್ದಳು. ಗಂಡುಹುಡುಗರ ಜೊತೆ ಸಮಸಮವಾಗಿ ಆಡುತ್ತಿದ್ದಳು. ಗಟ್ಟಿ ಗರಸು ನೆಲ, ದಿನಾ ಮಂಡಿ ಕೆತ್ತಿಸಿಕೊಂಡು ಬರುತ್ತಿದ್ದಳು, ಅವರವ್ವ ಹಾಲಮ್ಮ ಅರಿಶಿನ ಹಚ್ಚುತ್ತಿದ್ದಳು. ಊರಿನಲ್ಲಿ ಯಾರೋ ಇಬ್ಬರು ಏನೋ ಅಂದರು. ಅಂದವರು ಯಾರು, ಏನು ಅಂದರು ಎಂಬುದು ಈಗ ಅವನಿಗೂ ಸರಿಯಾಗಿ ನೆನಪಿಲ್ಲ, ಅಷ್ಟು ಹಗುರವಾದ ಮಾತು. ಅದನ್ನು ಕಟ್ಟಿಕೊಂಡು ಅಂಜಿನಪ್ಪ ಒಂದು ಸಂಜೆ ಎಲ್ಲರ ಎದುರಿಗೆ ಮಗಳ ರಟ್ಟೆ ಹಿಡಿದು ಆಚೆಗೆ ತಂದ. "ಇನ್ಮೇಲೆ ಒಳಗೆ ಬರ್ಬೇಡ" ಎಂದು ಗೇಟಿಗೆ ಬೀಗ ಹಾಕಿದ.

ಗೇಟಿನ ಹೊರಗೆ ಕೂರಲೆಂದು ಹಳೇ ಕಾಲದ ಮರದ ಸ್ಲೀಪರು ಒಂದನ್ನು ಹಾಕಿದ್ದರು, ಹಳಿಯ ಕೆಳಗೆ ಹಾಸುವಂಥ ದಪ್ಪ ದಿಮ್ಮಿ. ಭುವನಾ ಅದರ ಮೇಲೆ ಹತ್ತಿ ಸರಳು ಹಿಡಿದು, ಒಳಗಿನ ಆಟ ಮುಗಿಯುವವರೆಗೂ ನಿಂತು ನೋಡಿದಳು. ಅಳಲಿಲ್ಲ. ಆಟ ಮುಗಿದ ಮೇಲೆ ಇಳಿದು ಮನೆಗೆ ಹೋದಳು. ಅವತ್ತಿನಿಂದ ಆ ಗೇಟಿನ ಹತ್ತಿರ ಅವಳು ಸುಳಿದಿಲ್ಲ. ಸ್ಟೇಷನ್ನಿಗೆ ಹೋಗುವುದಿದ್ದರೂ ಸುತ್ತು ಹಾಕಿಕೊಂಡು ಹಿಂದಿನ ದಾರಿಯಲ್ಲಿ ಹೋಗುತ್ತಿದ್ದಳು.

ಹಾಗೆಂದು ಅಪ್ಪನ ಜೊತೆ ಮಾತು ಬಿಟ್ಟವಳಲ್ಲ. ಓದಿದಳು, ಚಿಕ್ಕಮಗಳೂರಿನಲ್ಲಿ ಒಂದು ಶಾಲೆಗೆ ಪಿ.ಟಿ. ಟೀಚರ್ ಆದಳು. ಬಿ.ಪಿ. ಮಾತ್ರೆ ತಗೊಂಡ್ಯಾ ಅಪ್ಪ, ಬೋರ್‌ವೆಲ್ ಮೋಟ್ರು ರಿಪೇರಿ ಆಯ್ತಾ ಎಂದು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಳು. ಮೈದಾನದ ಮಾತು ಮಾತ್ರ ಇಬ್ಬರ ಬಾಯಿಂದಲೂ ಬರುತ್ತಿರಲಿಲ್ಲ. ರೆಫರಿ ಪರೀಕ್ಷೆ ಪಾಸಾದಾಗ ಸರ್ಟಿಫಿಕೇಟು ತಂದು ಅವನ ಮುಂದೆ ಇಟ್ಟಳು. ಅಂಜಿನಪ್ಪನಿಗೆ ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಹೇಳಿದ್ದು "ಊಟ ಮಾಡ್ದ್ಯಾ" ಎಂದು. ಇಂಥ ಅಪ್ಪಂದಿರಿಗೆ ಏನು ಹೇಳುವುದು.

ಈ ವರ್ಷ ಮೇ ತಿಂಗಳಲ್ಲಿ ಸುದ್ದಿ ಬಂತು. ಕಡೂರು ತಂಡಕ್ಕೂ ತರೀಕೆರೆ ತಂಡಕ್ಕೂ ಜಿಲ್ಲಾ ಟೂರ್ನಿಯ ಸೆಮಿಫೈನಲ್, ಎರಡೂ ಕಡೆಯವರಿಗೆ ಸೇರದ ಜಾಗ ಬೇಕು, ಹಾಗಾಗಿ ಶಿವನಿ ಮೈದಾನ. ಅದಾಗಿ ಹತ್ತು ದಿನಕ್ಕೆ ಹಾಲಮ್ಮ ಫೋನು ಕೆಳಗಿಟ್ಟು, ಗಂಡನ ಕಡೆಗೆ ತಿರುಗದೆ, ಒಲೆಯ ಕಡೆ ನೋಡಿಕೊಂಡು ಹೇಳಿದಳು.

"ಆಗಸ್ಟ್ ಹತ್ತಕ್ಕೆ ರೆಫರಿ ಯಾರಂತೆ ಗೊತ್ತಾ. ನಿಮ್ಮ ಮಗಳು."

ಅಂಜಿನಪ್ಪ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಬತ್ತಾಳಂತಾ?"

"ಅವಳಾಗೇ ಕೇಳಿ ಹಾಕಿಸ್ಕೊಂಡಿಲ್ಲ. ಹಾಕಿದ್ದಾರೆ, ಬತ್ತಾಳೆ. ಆದ್ರೆ ಒಂದು ಮಾತು ಹೇಳಿದ್ಲು. ಗ್ರೌಂಡು ಸರಿ ಇಲ್ದಿದ್ರೆ ಆಡಿಸಲ್ಲ, ಅಪ್ಪನ ಗ್ರೌಂಡು ಅಂತ ನೋಡಲ್ಲ, ಈಗ್ಲೇ ಹೇಳ್ಬಿಡು ಅಂದ್ಲು."

ಅಂಜಿನಪ್ಪನಿಗೆ ಅದರಲ್ಲಿ ಕೋಪ ಬರುವಂಥದ್ದೇನೂ ಕಾಣಲಿಲ್ಲ. ಮಗಳು ಆ ಗೇಟಿನೊಳಗೆ ಕಾಲಿಡುತ್ತಾಳೆ, ತನ್ನ ಕೈಯಿಂದಲೇ ಬಳೆ ಇಸಿದುಕೊಂಡು ಇಡುತ್ತಾಳೆ. ಅವನಿಗೆ ಬೇಕಾಗಿದ್ದು ಅಷ್ಟೇ. ಬೇರೆ ಏನು ಕೈತಪ್ಪಿದರೂ ಇದು ತಪ್ಪಬಾರದು.

ಅಲ್ಲಿಂದ ಶುರುವಾಯಿತು ನೋಡಿ. ಆ ಗರಸು ನೆಲದಲ್ಲಿ ಮಗಳ ಮಂಡಿ ಎಷ್ಟು ಸಲ ಕೆತ್ತಿಹೋಗಿತ್ತೋ ಅಷ್ಟೂ ಅವನ ಕಣ್ಣಿಗೆ ಬಂತು. ನೆಲ ಮೆತ್ತಗಾಗಬೇಕು, ಹುಲ್ಲು ಬರಬೇಕು. ಸಂಘದವರು ಹುಲ್ಲಿಗೆ ಏನೇನು ಬೇಕೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದರು. ಅಂಜಿನಪ್ಪ ಹುಡುಕಲಿಲ್ಲ. ನೆಲ ಮೆತ್ತಗಾಗಬೇಕಾದರೆ ಏನು ಮಾಡಬೇಕೆಂದು ರೈತನಿಗೆ ಯಾರು ಹೇಳಿಕೊಡಬೇಕು? ಒಂದು ಟ್ರ್ಯಾಕ್ಟರ್ ಕೆರೆಗೋಡು ಮಣ್ಣು ಹೊಡೆಸಿದ. ಅದಕ್ಕೆ ಸ್ವಂತ ತಿಪ್ಪೆಯಿಂದ ಎರಡು ಲೋಡು ಗೊಬ್ಬರ ಸೇರಿಸಿ, ಗೋಲಿನ ಮುಂದೆ, ನಡುಮೈದಾನದಲ್ಲಿ, ಅಂಚಿನಲ್ಲಿ ಎಲ್ಲ ಕಡೆ ಹರವಿದ. ನಡುನಡುವೆ ಗರಿಕೆ ಬೇರು ಚುಚ್ಚಿದ. ಜುಲೈ ಎರಡನೇ ವಾರ ಹದವಾಗಿ ಮಳೆ ಬಂತು.

ಐದಾರು ದಿನಕ್ಕೆ ಮೈದಾನ ಹಸಿರಾಯಿತು. ಹತ್ತು ದಿನಕ್ಕೆ ದಟ್ಟ ಹಸಿರಾಯಿತು. ಸಂಘದ ಅಧ್ಯಕ್ಷ ಸೋಮಶೇಖರಪ್ಪ ಫೋಟೋ ತೆಗೆದು ನಾಲ್ಕು ಗ್ರೂಪಿಗೆ ಹಾಕಿದರು. "ನೋಡಿ ಅಂಜಿನಪ್ಪನ ಕೈಗುಣ" ಎಂದು ಬರೆದರು. ಅವರದು ಕೊಬ್ಬರಿ ವ್ಯಾಪಾರ, ಹೊಲ ಬಿಟ್ಟು ಮೂವತ್ತು ವರ್ಷವಾಗಿತ್ತು. ಅಂಜಿನಪ್ಪನೂ ಮೊದಲೆರಡು ದಿನ ಹಿಗ್ಗಿದ. ಮೂರನೇ ದಿನ ಬಗ್ಗಿ ಒಂದು ಎಸಳು ಕಿತ್ತು ಬೆರಳಲ್ಲಿ ಹೊಸಕಿದವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಹಾಲಮ್ಮ ಬುತ್ತಿ ತಂದವಳು ಗೇಟಿನಿಂದಲೇ ನೋಡಿ ಹೇಳಿದಳು. "ಇದು ಹುಲ್ಲಲ್ಲ ಕಣ್ರೀ. ರಾಗಿ."

"ಗೊತ್ತಾಯ್ತು ಸುಮ್ನಿರೇ."

"ನಮ್ಮನೇದೇ. ಹೋದ ವರ್ಷ ಮೆದೆ ಮಳೆಗೆ ಸಿಕ್ಕಿ ಮುಗ್ಗು ಹಿಡೀಲಿಲ್ವಾ, ಆ ತೆನೆ ಎಲ್ಲಾ ನಾನೇ ತಿಪ್ಪೆಗೆ ಸುರಿದಿದ್ದೆ. ನೀವು ಬಾಚ್ಕೊಂಡು ಬರೋವಾಗ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಊರೆಲ್ಲ ನಕ್ಕಿತು. ಸೆಮಿಫೈನಲ್ಲಿಗೆ ಮುದ್ದೆ ಊಟವಂತೆ ಎಂದು ಸ್ಟೇಷನ್ನಿನ ಹೋಟೆಲಿನಲ್ಲಿ ಆಡಿಕೊಂಡರು. ಅಂಜಿನಪ್ಪ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಅವನಿಗೆ ಬೇರೆಯೇ ಚಿಂತೆ. ಕೀಳೋಣ ಎಂದರೆ ಗರಿಕೆ ಬೇರೂ ರಾಗಿ ಬೇರೂ ಹೆಣೆದುಕೊಂಡು, ಒಂದನ್ನು ಎಳೆದರೆ ಹಿಡಿ ಮಣ್ಣೇ ಕಿತ್ತು ಬರುತ್ತಿತ್ತು, ನೆಲವೆಲ್ಲ ಗುಳಿ ಬೀಳುತ್ತಿತ್ತು. ಕೊಯ್ಯೋಣ ಎಂದರೆ ಕೂಳೆ ಉಳಿಯುತ್ತದೆ, ಬಿದ್ದವರ ಮಂಡಿಗೆ ಚುಚ್ಚುತ್ತದೆ. ಸೋಮಶೇಖರಪ್ಪ ಹುಲ್ಲು ಕತ್ತರಿಸುವ ಮಿಷಿನ್ನು ತರಿಸಿದರೆ, ಊರಿನ ತಂಡದ ಕ್ಯಾಪ್ಟನ್ ಹೊನ್ನೇಶ ಅದನ್ನು ಮುಟ್ಟಲಿಲ್ಲ.

"ನನ್ನ ಕೈಲಾಗಲ್ಲ ಸಾರ್. ಎಳೇ ಪೈರಿಗೆ ಮಿಷಿನ್ ಹಾಕ್ದೆ ಅಂತ ಗೊತ್ತಾದ್ರೆ ನಮ್ಮವ್ವ ಮನೆಗೆ ಸೇರ್ಸಲ್ಲ."

ಅವನೊಬ್ಬನೇ ಅಲ್ಲ. ಬೂಟು ಹಾಕಿಕೊಂಡು ಆ ಪೈರಿನ ಮೇಲೆ ಕಾಲಿಡಲು ತಂಡದ ಹದಿನೆಂಟು ಜನಕ್ಕೂ ಮನಸ್ಸು ಬರಲಿಲ್ಲ. ಎಲ್ಲರೂ ಹೊಲ ಇರುವ ಮನೆಯವರೇ, ಇಲ್ಲವೇ ಹೊಲದಲ್ಲಿ ದುಡಿದವರ ಮಕ್ಕಳೇ. ಎರಡು ವಾರ ಮೈದಾನದ ಅಂಚಿನಲ್ಲೇ, ಗೋಡೆ ಪಕ್ಕದಲ್ಲೇ, ಸಾಲಾಗಿ ಓಡಿ ಅಭ್ಯಾಸ ಮಾಡಿದರು. ನಡುವೆ ರಾಗಿ ನೆಮ್ಮದಿಯಾಗಿ ಬೆಳೆಯಿತು.

ಆಗಸ್ಟ್ ಹತ್ತನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಭುವನಾ ಬಂದಳು. ಜೊತೆಗೆ ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಕಡೆಯಿಂದ ಪಂದ್ಯ ನೋಡಿಕೊಳ್ಳಲು ಬಂದ ಚಂದ್ರಕುಮಾರ್. ಅವಳದು ಕಪ್ಪು ಅಂಗಿ, ಕಪ್ಪು ಚಡ್ಡಿ, ಮಂಡಿವರೆಗೆ ಕಾಲುಚೀಲ, ಕೊರಳಲ್ಲಿ ವಿಷಲ್ಲು. ಗೇಟಿನ ಮುಂದೆ ಗಿಡ್ಡಪ್ಪ, ಸೋಮಶೇಖರಪ್ಪ, ಹೊನ್ನೇಶ, ಹಾಲಮ್ಮ, ಇನ್ನೂ ಹತ್ತು ಹದಿನೈದು ಜನ ನಿಂತಿದ್ದರು. ಅಂಜಿನಪ್ಪ ಬಿಳೀ ಪಂಚೆ ಉಟ್ಟು ಬಳೆ ಹಿಡಿದು ನಿಂತಿದ್ದ. ಭುವನಾ ಸ್ಲೀಪರಿನ ಹತ್ತಿರ ಒಂದು ಗಳಿಗೆ ನಿಂತು ಅದನ್ನು ನೋಡಿದಳು. ಆಮೇಲೆ ಮುಂದೆ ಬಂದು ಎರಡೂ ಕೈ ನೀಡಿದಳು.

ಅಂಜಿನಪ್ಪ ಬಳೆ ಕೊಟ್ಟ. ಮೂವತ್ಮೂರು ವರ್ಷ ಸಲೀಸಾಗಿ ಹೇಳಿದ್ದ ಎರಡು ಪದ ಹೇಳುವುದು ಬಿಟ್ಟು ಬಳೆ ಹಿಡಿದ ಮಗಳ ಕೈಯನ್ನೇ ನೋಡಿದ.

"ಹೇಳೋ ಅಂಜಿನಪ್ಪ" ಅಂದರು ಗಿಡ್ಡಪ್ಪ. "ಗಾಡಿ ನಿಂತದೆ."

"ಲೈನ್ ಕ್ಲಿಯರ್" ಅಂದ. ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ಭುವನಾ ಬಳೆಯನ್ನು ಹೆಗಲಿಗೆ ಹಾಕಿಕೊಂಡು ಬೀಗ ತೆಗೆದಳು. ಬಲಗಾಲಿಟ್ಟು ಒಳಗೆ ಹೋದಳು. ಅಂಜಿನಪ್ಪ ಆ ಕಾಲನ್ನೇ ನೋಡಿದ. ಹದಿನಾರು ವರ್ಷ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಒಳಗೆ ಹೋದವಳು ಅಪ್ಪನ ಮುಖ ನೋಡಲಿಲ್ಲ. ಗೋಲುಕಂಬ ಅಲ್ಲಾಡಿಸಿದಳು, ಬಲೆ ಎಳೆದಳು, ಗೆರೆಯ ಮೇಲೆ ನಡೆದಳು. ನಡುವಿಗೆ ಹೋಗಿ ಚೆಂಡು ಇಟ್ಟು ಮೆಲ್ಲಗೆ ಒದ್ದಳು. ಚೆಂಡು ನಾಲ್ಕು ಹೆಜ್ಜೆ ಉರುಳಿ ಪೈರಿನಲ್ಲಿ ಸಿಕ್ಕಿ ನಿಂತಿತು. ಇನ್ನೊಂದು ಕಡೆ ಒದ್ದಳು, ಅಲ್ಲೂ ಅಷ್ಟೇ.

"ಎಂಥ ಹುಲ್ಲಪ್ಪಾ ಇದು, ಇಷ್ಟುದ್ದ ಬಿಟ್ಟಿದ್ದೀರಲ್ಲ" ಅಂದರು ಚಂದ್ರಕುಮಾರ್.

ಭುವನಾ ಗೇಟಿನ ಹತ್ತಿರ ವಾಪಸು ಬಂದಳು. ಎಲ್ಲರಿಗೂ ಕೇಳುವ ಹಾಗೆ, ಆದರೆ ದನಿ ಎತ್ತರಿಸದೆ ಹೇಳಿದಳು. "ಚೆಂಡು ಉರುಳ್ತಿಲ್ಲ. ಇದರ ಮೇಲೆ ಆಡಿಸೋಕ್ಕಾಗಲ್ಲ."

"ಅಜ್ಜಂಪುರಕ್ಕೆ ಹೇಳ್ಬಿಡ್ತೀನಿ, ಅಲ್ಲೇ ಆಡಿಸೋಣ" ಎಂದು ಚಂದ್ರಕುಮಾರ್ ಫೋನು ತೆಗೆದರು.

ಸೋಮಶೇಖರಪ್ಪನ ಮುಖ ಇಳಿದುಹೋಯಿತು. ಅಂಜಿನಪ್ಪನದು ಇಳಿಯಲಿಲ್ಲ.

"ಸರಿಯಾಗೇ ಹೇಳಿದ್ಲು" ಅಂದ. "ನಾನೇ ರೆಫರಿ ಆಗಿದ್ರೂ ಹಿಂಗೇ ಹೇಳ್ತಿದ್ದೆ. ತಪ್ಪು ನಂದು."

ಅವನು ಹೇಳಿದ್ದು ಬರೀ ರಾಗಿಯ ಮಾತಲ್ಲ ಎಂದು ಅಲ್ಲಿದ್ದವರಲ್ಲಿ ಮೂರು ಜನಕ್ಕಾದರೂ ಗೊತ್ತಾಯಿತು. ಹಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಗಿಡ್ಡಪ್ಪ ಕೆಮ್ಮಿದರು. ಭುವನಾ ಬಗ್ಗಿ ಒಂದು ಪೈರನ್ನು ಕಿತ್ತು ಗರಿ ಸುಲಿದು, ಗೆಣ್ಣು ಎಣಿಸಿದಳು.

"ಎಷ್ಟು ದಿನದ್ದು?"

"ಇವತ್ತಿಗೆ ಇಪ್ಪತ್ತೆಂಟು."

"ಕೊರಡು ಹೊಡೆದಿದ್ದೀಯಾ?"

ಅಂಜಿನಪ್ಪ ಹಣೆ ಚಚ್ಚಿಕೊಂಡ. ಹುಟ್ಟಿದಾಗಿನಿಂದ ರಾಗಿ ಬೆಳೆದವನು. ರಾಗಿ ಎಳೆಯದಾಗಿದ್ದಾಗ ಅದರ ಮೇಲೆ ಭಾರದ ಮರದ ದಿಮ್ಮಿ ಎಳೆಸುತ್ತಾರೆ, ಅದೇ ಕೊರಡು. ಪೈರು ನೆಲಕ್ಕೆ ಮಲಗುತ್ತದೆ, ಸಾಯುವುದಿಲ್ಲ. ಎದ್ದಾಗ ಒಂದು ಬುಡಕ್ಕೆ ನಾಲ್ಕೈದು ತೆಂಡೆ ಒಡೆದು ಬರುತ್ತದೆ. ತುಳಿಸಿಕೊಂಡಷ್ಟೂ ರಾಗಿಗೆ ಒಳ್ಳೆಯದು. ಇದು ಹೊಲದಲ್ಲಿ ಅವನು ವರ್ಷವರ್ಷ ಮಾಡುವ ಕೆಲಸ. ಮೈದಾನದಲ್ಲಿ ಪೈರು ಕಂಡ ಕೂಡಲೆ ಎಲ್ಲ ಮರೆತು, ಎರಡು ವಾರ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಊರಿಗೆ ಊರೇ ಮರೆತಿತ್ತು.

"ಹೊಡೆದಿಲ್ಲ ಕಣವ್ವ" ಅಂದ.

"ಹೊಡೀರಿ. ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ. ಎರಡು ಗಂಟೆಗೆ ಮತ್ತೆ ಚೆಂಡು ಇಟ್ಟು ನೋಡ್ತೀನಿ. ಉರುಳಿದ್ರೆ ಆಟ, ಇಲ್ದಿದ್ರೆ ಅಜ್ಜಂಪುರ." ಆಮೇಲೆ ಚಂದ್ರಕುಮಾರ್ ಕಡೆ ತಿರುಗಿದಳು. "ಎರಡು ಗಂಟೆವರೆಗೂ ಟೈಮ್ ಇದೆ ಅಲ್ವಾ ಸಾರ್. ರೂಲ್ ಪ್ರಕಾರ ಕೊನೇ ಮಾತು ರೆಫರಿದು."

ಚಂದ್ರಕುಮಾರ್ ಫೋನು ಜೇಬಿಗೆ ಹಾಕಿಕೊಂಡರು.

ಕೊರಡೆಲ್ಲಿ? ಊರಿನಲ್ಲಿ ಎತ್ತು ಇರುವುದೇ ಎರಡು ಮನೆಯಲ್ಲಿ, ಅವು ಬಂದರೂ ಗೊರಸಿನಿಂದ ನೆಲ ಹಾಳು. ಗಿಡ್ಡಪ್ಪ ಕೋಲೆತ್ತಿ ಗೇಟಿನ ಹೊರಗಿನ ಸ್ಲೀಪರು ತೋರಿಸಿದರು. "ಐವತ್ತು ವರ್ಷ ಅಂಡಿನ ಕೆಳಗೇ ಇತ್ತಲ್ಲೋ." ಎಂಟು ಜನ ಸೇರಿ ಅದನ್ನು ಹೊತ್ತು ಒಳಗೆ ತಂದರು. ಸ್ಟೇಷನ್ ಕಡೆಯಿಂದ ಹಗ್ಗ ಬಂತು. ಎರಡೂ ತುದಿಗೆ ಹಗ್ಗ ಕಟ್ಟಿ, ಹೊನ್ನೇಶ ಮತ್ತು ತಂಡದವರು ಬರಿಗಾಲಲ್ಲಿ ಎಳೆಯಲು ನಿಂತರು. ಎಳೆದರು. ಸ್ಲೀಪರು ಪೈರಿನ ಮೇಲೆ ಹಾರಿ ಹಾರಿ ಹೋಯಿತೇ ಹೊರತು ಒತ್ತಲಿಲ್ಲ.

"ಭಾರ ಸಾಲ್ದು" ಅಂದಳು ಹಾಲಮ್ಮ. "ನಮ್ಮ ಹೊಲದಲ್ಲಿ ಇವಳನ್ನೇ ಅಲ್ವಾ ಕೂರಿಸ್ತಿದ್ದಿದ್ದು."

ಕೂರಿಸುತ್ತಿದ್ದದ್ದು ನಿಜ. ಭುವನಾ ಆರೇಳು ವರ್ಷದವಳಿದ್ದಾಗ ಕೊರಡಿನ ಮೇಲೆ ಭಾರಕ್ಕೆಂದು ಕೂತು, ಹಗ್ಗ ಹಿಡಿದು, ಹೊಲದ ಈ ತುದಿಯಿಂದ ಆ ತುದಿಗೆ ಕೇಕೆ ಹಾಕಿಕೊಂಡು ಹೋಗುತ್ತಿದ್ದಳು. ಅದು ಅಪ್ಪ ಮಗಳಿಬ್ಬರಿಗೂ ಒಟ್ಟಿಗೆ ನೆನಪಾಯಿತು. ಬೆಳಿಗ್ಗೆಯಿಂದ ಮೊದಲನೇ ಸಲ ಅವಳು ಅಪ್ಪನ ಮುಖ ನೇರವಾಗಿ ನೋಡಿದಳು.

"ನಾನು ರೆಫರಿ, ಕೂರೋ ಹಂಗಿಲ್ಲ" ಅಂದಳು. "ನೀನೇ ಕೂತ್ಕೋ ಅಪ್ಪ."

ಅರವತ್ತೆರಡು ವರ್ಷದ ಅಂಜಿನಪ್ಪ ಬಿಳೀ ಪಂಚೆ ಮಡಿಚಿ ಕಟ್ಟಿಕೊಂಡು ಸ್ಲೀಪರಿನ ಮೇಲೆ ಕೂತ. ಹದಿನೆಂಟು ಜನ ಎಳೆದರು. ಮೆಟ್ಟಿಲಿನ ಮೇಲೆ ಆಗಲೇ ಸೇರಿದ್ದವರು ಬಿದ್ದು ಬಿದ್ದು ನಕ್ಕರು, ಹಾಲಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಎರಡು ಸುತ್ತಿಗೆ ಅವನ ಸೊಂಟ ಹಿಡಿದುಕೊಂಡಿತು, ಆದರೂ ಇಳಿಯಲಿಲ್ಲ. ಹಿಂದೆ ತಿರುಗಿ ನೋಡಿದರೆ ಪೈರು ಸಾಲಾಗಿ ಒಂದೇ ಕಡೆ ತಲೆ ಮಾಡಿ ಮಲಗಿತ್ತು. ಭುವನಾ ಗೆರೆಯಾಚೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಅಲ್ಲಿ ಬಿಟ್ಟಿರಿ, ಇಲ್ಲಿ ಇನ್ನೊಂದು ಸಲ ಎಂದು ಹೇಳುತ್ತಿದ್ದಳು. ಅವಳ ಬಾಯಿಯ ಅಂಚಿನಲ್ಲಿ ನಗು ಇತ್ತು. ಅಂಜಿನಪ್ಪ ಅದನ್ನು ಪ್ರತಿ ಸುತ್ತಿನಲ್ಲೂ ನೋಡಿಕೊಂಡ.

ಎರಡು ಗಂಟೆಗೆ ಭುವನಾ ಮತ್ತೆ ನಡುಮೈದಾನಕ್ಕೆ ಹೋಗಿ ಚೆಂಡಿಟ್ಟಳು. ಅಪ್ಪನೆಂದು ಒಂದು ಗುಲಗಂಜಿ ರಿಯಾಯಿತಿ ತೋರಲಿಲ್ಲ, ಬೆಳಿಗ್ಗೆ ಒದ್ದಷ್ಟೇ ಮೆಲ್ಲಗೆ ಒದ್ದಳು. ಚೆಂಡು ಉರುಳಿತು. ಇಪ್ಪತ್ತು ಹೆಜ್ಜೆ ದಾಟಿ, ಇನ್ನೂ ಸ್ವಲ್ಪ ಹೋಗಿ ನಿಂತಿತು. ನಾಲ್ಕು ಮೂಲೆಯಲ್ಲೂ ನೋಡಿದಳು. ಆಮೇಲೆ ಮೆಟ್ಟಿಲಿನ ಕಡೆ ತಿರುಗಿ ತಲೆಯಾಡಿಸಿದಳು. ಅಂಜಿನಪ್ಪ ಸುಣ್ಣದ ಡಬ್ಬ ತಗೊಂಡು ಗೆರೆ ಹಾಕಲು ಓಡಿದ, ಸೊಂಟ ನೋವು ಮರೆತೇ ಹೋಗಿತ್ತು.

ನಾಲ್ಕು ಗಂಟೆಗೆ ವಿಷಲ್ ಊದಿದಳು. ಅಂಜಿನಪ್ಪ ಆ ಮೈದಾನದಲ್ಲಿ ಸಾವಿರ ಸಲ ವಿಷಲ್ ಕೇಳಿದ್ದ. ಇದನ್ನು ಕೇಳಿದಾಗ ಮೂಲೆಯ ಬಾವುಟದ ಪಕ್ಕ ಕೂತಿದ್ದವನಿಗೆ ಕಣ್ಣು ತುಂಬಿ, ಮೊದಲ ಐದು ನಿಮಿಷದ ಆಟ ಕಾಣಲೇ ಇಲ್ಲ. ಆಮೇಲೆ ಕಂಡಿತು. ಇಪ್ಪತ್ತೆರಡು ಜನ ಓಡುವ ಕಡೆಯಲ್ಲೆಲ್ಲ ಅವಳು ಇದ್ದಳು. ಕಡೂರಿನವನೊಬ್ಬ ಬೇಕೆಂದೇ ಕಾಲು ಅಡ್ಡ ಕೊಟ್ಟಾಗ ಹಳದಿ ಕಾರ್ಡು ತೋರಿಸಿದಳು. ಅವನು ಆಳು ಆರಡಿ, ಇವಳು ಅವನ ಎದೆಮಟ್ಟ. ಅವನು ಏನೋ ಹೇಳಲು ಬಂದ, ಇವಳು ಒಂದು ಬೆರಳು ಎತ್ತಿದಳು, ಅವನು ಹಿಂದೆ ಹೋದ. ಮೆಟ್ಟಿಲಿನ ಮೇಲಿಂದ ಯಾವನೋ "ಹೆಂಗಸಿಗೆ ಏನು ಗೊತ್ತಾಗ್ತದೆ ಫೌಲು" ಎಂದು ಕೂಗಿದ.

ಹಾಲಮ್ಮ ಅಲ್ಲಿಯೇ ಕೂತಿದ್ದಳು. ಗಂಡ ಕಾಯುವ ಮೈದಾನದ ಮೆಟ್ಟಿಲಿನ ಮೇಲೆ ಅವಳು ಕೂತದ್ದು ಅವತ್ತೇ ಮೊದಲು. "ಇಳಿದು ಬಾರಪ್ಪಾ ಇಲ್ಲಿ, ನಿನಗೂ ಒಂದು ಕಾರ್ಡ್ ಕೊಡಿಸ್ತೀನಿ" ಅಂದಳು. ಅವನು ಆಟ ಮುಗಿಯುವವರೆಗೂ ಉಸಿರೆತ್ತಲಿಲ್ಲ.

ತರೀಕೆರೆ ಎರಡು, ಕಡೂರು ಒಂದು. ಬಿದ್ದವರು ಬಹಳ ಜನ, ಆದರೆ ಒಬ್ಬರ ಮಂಡಿಯೂ ಕೆತ್ತಲಿಲ್ಲ. ಆಟಗಾರರು ಎದ್ದು ಅಂಗಿಗೆ ಅಂಟಿದ ಹಸಿರು ಒರೆಸಿಕೊಂಡು ಓಡಿದ್ದನ್ನು ಅಂಜಿನಪ್ಪ ಒಂದೊಂದೇ ಲೆಕ್ಕ ಇಟ್ಟಿದ್ದ.

ಆಟ ಮುಗಿದ ಮೇಲೆ ಎಲ್ಲರೂ ಗೇಟಿನ ಹತ್ತಿರ ಸೇರಿದರು. ಪದ್ಧತಿಯಂತೆ ರೆಫರಿ ಬಳೆ ಹಿಂದಿರುಗಿಸಬೇಕು. ಅಂಜಿನಪ್ಪ ಎರಡೂ ಕೈ ನೀಡಿ ನಿಂತ. ಭುವನಾ ಎಲ್ಲರನ್ನೂ ಹೊರಗೆ ಕಳಿಸಿ, ಗೇಟಿಗೆ ಬೀಗ ಹಾಕಿ, ಬೀಗದಕೈ ಚೀಲದಲ್ಲಿಟ್ಟು, ಬಳೆ ಹೆಗಲಿಗೇ ಹಾಕಿಕೊಂಡಳು.

"ನಾಳೆ ಬೆಳಿಗ್ಗೆ ಕೊಡ್ತೀನಿ" ಅಂದಳು.

"ಅದೆಂಗಮ್ಮಾ" ಎಂದು ಗಿಡ್ಡಪ್ಪ ಕೋಲು ನೆಲಕ್ಕೆ ಕುಟ್ಟಿದರು. "ಬಳೆ ಮನೆಗೆ ಹೊತ್ಕೊಂಡ್ ಹೋದ ಡ್ರೈವರ್‌ನ ನಾನು ನನ್ನ ಸರ್ವೀಸಲ್ಲೇ ನೋಡಿಲ್ಲ."

"ಇರ್ಲಿ ಬಿಡಿ ಗಿಡ್ಡಣ್ಣ" ಅಂದ ಅಂಜಿನಪ್ಪ. "ಅವಳ ಆಟ ಇನ್ನೂ ಮುಗ್ದಿಲ್ಲ ಅಂತ ಕಾಣ್ತದೆ."

ಅವತ್ತು ಮನೆಯಲ್ಲಿ ಮೂವರೂ ಕೂತು ಮುದ್ದೆ, ಸೊಪ್ಪಿನ ಸಾರು ಉಂಡರು. ಆಟದ ಮಾತೇ ಆಡಿದರು, ಒಂದು ಪೆನಾಲ್ಟಿ ಕೊಡಬೇಕಿತ್ತಾ ಬೇಡವಾ ಎಂದು ಅಪ್ಪ ಮಗಳು ಜಗಳವನ್ನೂ ಆಡಿದರು. ಮೈದಾನದ ಮಾತು ಆ ಮನೆಯಲ್ಲಿ ಎದ್ದದ್ದು ಹದಿನಾರು ವರ್ಷದ ಮೇಲೆ. ಆದರೆ ಹೇಳಲೇಬೇಕಾದ ಒಂದು ಮಾತು ಅಂಜಿನಪ್ಪನ ಬಾಯಲ್ಲಿ ಹಾಗೇ ಉಳಿಯಿತು.

ಬೆಳಿಗ್ಗೆ ಎದ್ದು ನೋಡಿದರೆ ಮಗಳಿರಲಿಲ್ಲ, ಮೊಳೆಯಲ್ಲಿ ಬಳೆಯೂ ಇರಲಿಲ್ಲ. ಮುಖಕ್ಕೆ ನೀರು ಹಾಕಿಕೊಂಡು ಮೈದಾನದ ಕಡೆ ನಡೆದ. ಸೂರ್ಯ ಆಗಷ್ಟೇ ಸ್ಟೇಷನ್ನಿನ ನೀರಿನ ಟ್ಯಾಂಕಿನ ಪಕ್ಕದಲ್ಲಿ ಬರುತ್ತಿದ್ದ. ಗೇಟು ಮುಚ್ಚಿತ್ತು, ಒಳಗಡೆಯಿಂದ ಬೀಗ ಹಾಕಿತ್ತು. ಸರಳಿನ ನಡುವೆ ನೋಡಿದ. ಭುವನಾ ಒಬ್ಬಳೇ ಗೆರೆಗುಂಟ ಓಡುತ್ತಿದ್ದಳು. ಚೆಂಡು ಮುಂದೆ ತಳ್ಳಿಕೊಂಡು, ಬರಿಗಾಲಲ್ಲಿ, ಹದಿಮೂರರಲ್ಲಿ ಓಡುತ್ತಿದ್ದ ಹಾಗೆಯೇ ತಲೆ ಒಂದು ಕಡೆ ವಾಲಿಸಿಕೊಂಡು.

ಅಂಜಿನಪ್ಪ ಸರಳು ಹಿಡಿದು ನಿಂತ. ಹತ್ತಿ ನಿಲ್ಲಲು ಸ್ಲೀಪರು ಅಲ್ಲಿರಲಿಲ್ಲ, ಒಳಗೇ ಬಿದ್ದಿತ್ತು. ಅವಳು ಒಂದು ಸುತ್ತು ಮುಗಿಸಿ ಗೇಟಿನ ಹತ್ತಿರ ಬಂದಾಗ ಅಪ್ಪನನ್ನು ಕಂಡಳು. ನಿಲ್ಲಲಿಲ್ಲ.

"ಇರು. ಇನ್ನೂ ಎರಡು ಸುತ್ತು ಇದೆ" ಅಂದು ಮುಂದೆ ಹೋದಳು.

ಅವನು ಕಾದ. ಹೊರಗೆ ನಿಂತು ಕಾಯುವುದು ಹೇಗಿರುತ್ತದೆ ಎಂದು ಈಗ ಗೊತ್ತಾಗುತ್ತಿತ್ತು. ಎರಡೇ ಸುತ್ತು, ಹತ್ತು ನಿಮಿಷವೂ ಇಲ್ಲ. ಅವಳು ಅವತ್ತು ಸಂಜೆ ಪೂರ್ತಿ ನಿಂತಿದ್ದಳು. ಅಂಜಿನಪ್ಪನಿಗೆ ಅಳು ಬಂತು, ತಡೆಯಲು ಹೋಗಲಿಲ್ಲ. ನೋಡುವವರು ಯಾರಿದ್ದಾರೆ, ನೋಡಿದರೆ ತಾನೆ ಏನು.

ಎರಡನೇ ಸುತ್ತು ಮುಗಿಸಿ ಭುವನಾ ಏದುಸಿರು ಬಿಡುತ್ತಾ ಗೇಟಿನ ಆಚೆ ಬಂದು ನಿಂತಳು. ನಡುವೆ ಸರಳು.

"ಅವತ್ತು ಬೀಗ ಹಾಕ್ಬಾರ್ದಿತ್ತು ಕಣವ್ವ" ಅಂದ. "ತಪ್ಪು ಮಾಡ್ಬಿಟ್ಟೆ. ಯಾರೋ ಏನೋ ಅಂದ್ರು ಅಂತ ನನ್ನ ಮಗಳನ್ನೇ ಆಚೆಗ್ ಹಾಕ್ದೆ. ಹೇಳ್ಬೇಕು ಹೇಳ್ಬೇಕು ಅಂತ ಇಷ್ಟು ವರ್ಷ ಆಗೋಯ್ತು."

ಭುವನಾ ತೋಳಿನಿಂದ ಹಣೆಯ ಬೆವರು ಒರೆಸಿಕೊಂ‍ಡಳು, ಕಣ್ಣನ್ನೂ ಒರೆಸಿಕೊಂಡಳು. ಆಮೇಲೆ ಹೆಗಲಿನಿಂದ ಬಳೆ ತೆಗೆದು, ಬೀಗ ಬಿಚ್ಚಿ, ಗೇಟಿನ ಎರಡೂ ಕದ ಪೂರ್ತಿ ತೆರೆದಳು.

"ಲೈನ್ ಕ್ಲಿಯರ್" ಅಂದಳು. "ಬಾ ಅಪ್ಪ. ಪೈರು ಏಳ್ತಾ ಐತೆ, ನೋಡು."

ಅಂಜಿನಪ್ಪ ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಒಳಗೆ ಹೋದ.